ಕುಟುಂಬದ ಹಣಕ್ಕೆ ಕಂಪನಿಯ ಲಗಾಮು ಏಕೆ? ಯುವಜನರ ಕೆಲಸಕ್ಕೆ ಸಿಗುವ ಅನುದಾನದ ಒಳಲೆಕ್ಕ

ಇನ್ಫೊಸಿಸ್ ಫೌಂಡೇಶನ್ ಕೊಡುವ ಹಣ ಕಂಪನಿಯದು. ಅದೇ ಕಂಪನಿಯನ್ನು ಕಟ್ಟಿದವರ ಮನೆಗಳಿಂದ ಬರುವ ಹಣ ಕುಟುಂಬದ್ದು. ರೋಹಿಣಿ ನಿಲೇಕಣಿ ಫಿಲಾಂತ್ರಪೀಸ್, ಶಿಬುಲಾಲ್ ದಂಪತಿಯ ಸರೋಜಿನಿ ದಾಮೋದರನ್ ಫೌಂಡೇಶನ್ ಈ ಸಾಲಿನವು. ವಿಪ್ರೊ ವಿಷಯದಲ್ಲೂ ಹಾಗೆಯೇ: ವಿಪ್ರೊ ಫೌಂಡೇಶನ್ ಬೇರೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಬೇರೆ. ಹೊರಗಿನಿಂದ ನೋಡುವವರಿಗೆ ಎಲ್ಲವೂ 'ದೊಡ್ಡವರ ದಾನ'. ಆದರೆ ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಶಾಲೆ ಬಿಟ್ಟ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಗೆ ಈ ವ್ಯತ್ಯಾಸವೇ ಮುಖ್ಯ. ಯಾವ ಖರ್ಚಿಗೆ ಹಣ ಕೇಳಬಹುದು, ಎಷ್ಟು ವರ್ಷಕ್ಕೆ ಕೇಳಬಹುದು, ಯಾವ ತಿಂಗಳಲ್ಲಿ ಕೇಳಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ.

ಕಂಪನಿ ಹಣದ ಹಿಂದೆ ಕಾನೂನಿನ ಕೋಲಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆ ವರ್ಷ ಖರ್ಚಾಗದೆ ಉಳಿದ ಹಣಕ್ಕೆ ಬೇರೆ ಖಾತೆ, ಬೇರೆ ಗಡುವು, ತಪ್ಪಿದರೆ ದಂಡ. ಹೀಗಾಗಿ ಮಾರ್ಚ್ ಒಳಗೆ ಮುಗಿಯುವ, ಫೋಟೊದಲ್ಲಿ ಕಾಣುವ, ಬೋರ್ಡಿಗೆ ಸುಲಭವಾಗಿ ತೋರಿಸಬಹುದಾದ ಕೆಲಸದ ಕಡೆಗೇ ಸಿಎಸ್‌ಆರ್ ಹಣ ವಾಲುತ್ತದೆ. ಕಂಪ್ಯೂಟರ್ ಲ್ಯಾಬ್, ಬೆಂಚು, ಶೌಚಾಲಯ, ಟ್ಯಾಬ್.

ಕುಟುಂಬದ ಟ್ರಸ್ಟಿಗೆ ಈ ಶೇ 2ರ ಓಟವಿಲ್ಲ. ಐದು ವರ್ಷದ ಮಾತು ಕೊಡಬಹುದು, ಸಂಬಳಕ್ಕೆ ಕೊಡಬಹುದು, ಸೋಲಬಹುದಾದ ಪ್ರಯೋಗಕ್ಕೂ ಕೊಡಬಹುದು. ಈ ಹಣದ ಬೆಲೆ ಇರುವುದು ಮೊತ್ತದಲ್ಲಿ ಅಲ್ಲ, ಈ ಸ್ವಾತಂತ್ರ್ಯದಲ್ಲಿ. ಆದರೂ ನಮ್ಮಲ್ಲಿ ಬಹಳಷ್ಟು ಕುಟುಂಬ ಫೌಂಡೇಶನ್‌ಗಳು ಸಿಎಸ್‌ಆರ್ ಇಲಾಖೆಯ ನಕಲಿನಂತೆ ನಡೆಯುತ್ತವೆ. ಅವೇ ಅರ್ಜಿ ನಮೂನೆಗಳು, ಅದೇ ಒಂದು ವರ್ಷದ ಕರಾರು, 'ಸಂಬಳಕ್ಕೆ ಕೊಡುವುದಿಲ್ಲ' ಎಂಬ ಅದೇ ಷರತ್ತು. ಕೇಳುವ ಸಂಸ್ಥೆಗಳೂ ಕಂಪನಿಗೆ ಬರೆದ ಪ್ರಪೋಸಲ್‌ನ ಹೆಸರು ಬದಲಿಸಿ ಕಳಿಸುತ್ತವೆ. ಎರಡೂ ಕಡೆಯವರು ಸೇರಿ ಸ್ವತಂತ್ರ ಹಣದ ಕೈಗೆ ತಾವೇ ಕೋಳ ತೊಡಿಸಿದ್ದಾರೆ.

ಆದ್ದರಿಂದ ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಹಣ ಕುಟುಂಬದ್ದೋ, ಕಂಪನಿಯದ್ದೋ? ತಾತನ ಹೆಸರಿನ ಫೌಂಡೇಶನ್ ಆಗಿದ್ದರೂ ಒಳಗೆ ಹರಿಯುತ್ತಿರುವುದು ಮನೆಯವರ ಕಂಪನಿಯ ಸಿಎಸ್‌ಆರ್ ಹಣವಾಗಿರಬಹುದು. ಹಾಗಿದ್ದರೆ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನೋಂದಣಿ ಬೇಕೇಬೇಕು, ಮಾರ್ಚ್ ಗಡುವೂ ಇರುತ್ತದೆ. ಎರಡೂ ಬಗೆಯ ಹಣ ಒಂದೇ ಫೌಂಡೇಶನ್‌ನಲ್ಲಿರುವುದೂ ಅಪರೂಪವೇನಲ್ಲ. ಆಗ 'ನಮ್ಮ ಈ ಕೆಲಸಕ್ಕೆ ಯಾವ ಖಾತೆಯಿಂದ?' ಎಂದು ಕೇಳಿದರೆ ತಪ್ಪು ತಿಳಿಯುವವರಿಲ್ಲ. ಕೇಳದಿದ್ದವರು ಫೆಬ್ರುವರಿಯಲ್ಲಿ ಪರದಾಡುತ್ತಾರೆ.

ಯಾರಿಗೆ ಸಿಗುತ್ತದೆ, ಯಾರು ಜಾರಿಹೋಗುತ್ತಾರೆ

ಮನೆತನದ ಆಸ್ತಿಯಿಂದ ಬಡ ಮಕ್ಕಳ ಓದಿಗೆ ಹಣ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಸಮಾಜದ ಬಡ ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. ಅದರಿಂದಲೇ ನವಲಗುಂದ-ಸಿರಸಂಗಿ ಟ್ರಸ್ಟ್ ಬಂತು. ಅದಕ್ಕೂ ಮೊದಲು, 1892ರಲ್ಲಿ, ಜೆಮ್‌ಶೆಟ್‌ಜಿ ಟಾಟಾ ಉನ್ನತ ವ್ಯಾಸಂಗಕ್ಕೆ ಸಾಲ ಕೊಡುವ ನಿಧಿ ಕಟ್ಟಿದ್ದರು. ಇವರು ಹಾಕಿಕೊಟ್ಟ ಅಚ್ಚು ಇಂದಿಗೂ ಹಾಗೇ ಇದೆ: ಓದುವ ಹುಡುಗನನ್ನು ಗುರುತಿಸು, ಅವನ ಕೈಗೆ ಹಣ ಕೊಡು.

ಈ ಅಚ್ಚಿನ ಇಂದಿನ ಒಳ್ಳೆಯ ಉದಾಹರಣೆ 'ವಿದ್ಯಾಧನ್'. ಸರೋಜಿನಿ ದಾಮೋದರನ್ ಫೌಂಡೇಶನ್ 1999ರಲ್ಲಿ ಕೇರಳದಲ್ಲಿ ಆರಂಭಿಸಿದ ಈ ವಿದ್ಯಾರ್ಥಿವೇತನ ಈಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ಅಂಕ, ಅಂಗವಿಕಲರಾದರೆ ಶೇ 75, ಮನೆಯ ವಾರ್ಷಿಕ ಆದಾಯ 2 ಲಕ್ಷದೊಳಗೆ. ಪಿಯು ಎರಡು ವರ್ಷವೂ ವರ್ಷಕ್ಕೆ 10 ಸಾವಿರ ರೂಪಾಯಿ, ಆಮೇಲೆ ಚೆನ್ನಾಗಿ ಓದಿದವರಿಗೆ ಪದವಿಗೂ ನೆರವು. ಜಾಣ ಬಡ ಮಗುವಿಗೆ ಇದು ಏಣಿ.

ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವಿದ್ಯಾರ್ಥಿವೇತನದ ತರ್ಕ ಬೇರೆ. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ 10 ಮತ್ತು 12ನೇ ತರಗತಿ ಮುಗಿಸಿ ಪದವಿಗೋ ಡಿಪ್ಲೊಮಾಗೋ ಸೇರಿದ ಹೆಣ್ಣುಮಗಳಿಗೆ ವರ್ಷಕ್ಕೆ 30 ಸಾವಿರ. ಅಂಕದ ಗೆರೆ ಇಲ್ಲ. ಪಿಯು ಆದಮೇಲೆ ಹುಡುಗಿಯನ್ನು ಮನೆಯಲ್ಲಿ ಕೂರಿಸುವ ನಿರ್ಧಾರದ ಹಿಂದೆ ಹಣದ ಲೆಕ್ಕವೇ ದೊಡ್ಡದು ಎಂದು ನಂಬಿ ಕಟ್ಟಿದ ಯೋಜನೆ ಇದು. ಜಾಣೆಯನ್ನು ಹುಡುಕುವ ಗೋಜಿಗೆ ಹೋಗದೆ ಒಂದು ಇಡೀ ವರ್ಗಕ್ಕೆ ಕೊಡುವ ಧೈರ್ಯ ಇದರಲ್ಲಿದೆ. ಆ ಧೈರ್ಯಕ್ಕೆ ಬೇಕಾದ ಆಸ್ತಿಯೂ ಅವರಿಗಿದೆ ಅನ್ನಿ: 2019ರಲ್ಲಿ ಪ್ರೇಮ್‌ಜಿ ಅವರು ದತ್ತಿಗೆ ಮೀಸಲಿಟ್ಟ ಒಟ್ಟು ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ. ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡುವ ಒಪ್ಪಂದ 2024ರಲ್ಲಿ ಆದದ್ದೂ ಇದೇ ಫೌಂಡೇಶನ್‌ನಿಂದ. ಅಷ್ಟು ದೊಡ್ಡ ಹಣವಿದ್ದವರು ಸರ್ಕಾರದ ವ್ಯವಸ್ಥೆಯ ಬೆನ್ನೇರಿಯೇ ಹೋಗುತ್ತಾರೆ. ವರ್ಷಕ್ಕೆ 50 ಲಕ್ಷ ಕೊಡುವ ಕುಟುಂಬಕ್ಕೆ ಅದು ಮಾದರಿಯಾಗಲಾರದು.

ಈ ಎರಡರ ನಡುವೆ ಜಾರುವವರು ಯಾರೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್, ವಿಜ್ಞಾನದಲ್ಲಿ ನಪಾಸಾಗಿ ಉಳಿದುಕೊಂಡ ಹುಡುಗ. ಪಿಯು ಮೊದಲ ವರ್ಷದಲ್ಲೇ ಬಿಟ್ಟು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದವನು. ಶೇ 42 ಅಂಕದ ಹುಡುಗಿ, ಮುಂದೇನು ಎಂದು ಹೇಳುವವರಿಲ್ಲದೆ ಗಾರ್ಮೆಂಟ್ಸ್ ಸೇರಿದವಳು. ಸರ್ಕಾರದ ಯುವನಿಧಿಯೂ ಇವರನ್ನು ಮುಟ್ಟುವುದಿಲ್ಲ, ಅದರ 3,000 ಪದವೀಧರರಿಗೆ, 1,500 ಡಿಪ್ಲೊಮಾ ಆದವರಿಗೆ. ಇವರಿಗೆ ಬೇಕಾಗಿರುವುದು ಚೆಕ್ ಅಲ್ಲ. ವರ್ಷವಿಡೀ ಬೆನ್ನುಬಿಡದೆ ಜೊತೆಗಿರುವ ಒಬ್ಬ ಮನುಷ್ಯ. ಅಂದರೆ ಸಂಬಳ. ಯಾರೂ ಕೊಡಲೊಪ್ಪದ ಬಾಬತ್ತು ಅದೇ. ಹುಡುಗರು ಮತ್ತು ಯುವಕರಿಗೆಂದೇ ಪ್ರತ್ಯೇಕ ವಿಭಾಗ ಇಟ್ಟು ಕೊಡುವ ರೋಹಿಣಿ ನಿಲೇಕಣಿ ಅವರಂಥವರು ಈ ಕ್ಷೇತ್ರದಲ್ಲಿ ಬೆರಳೆಣಿಕೆಯಷ್ಟು.

ಬಜೆಟ್ಟಿನಲ್ಲಿ ಕಾಣೆಯಾಗುವ 2.75 ಲಕ್ಷ

ಒಂದು ಊಹೆಯ ಲೆಕ್ಕ ಹಾಕೋಣ. ತಾಲ್ಲೂಕು ಕೇಂದ್ರದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗದ 60 ಮಂದಿಗೆ, 30 ಹುಡುಗರು 30 ಹುಡುಗಿಯರಿಗೆ, ಒಂದು ಕಲಿಕಾ ಕೇಂದ್ರ. ತರಗತಿ ವರ್ಷಕ್ಕೆ 200 ದಿನ. ತಿಂಗಳಿಗೆ 20 ಸಾವಿರದಂತೆ ಇಬ್ಬರು ಶಿಕ್ಷಕರು, 18 ಸಾವಿರಕ್ಕೆ ಹಳ್ಳಿ ಸುತ್ತುವ ಒಬ್ಬ ಕಾರ್ಯಕರ್ತ. ವರ್ಷದ ಸಂಬಳ 6,96,000. ಬಾಡಿಗೆ ತಿಂಗಳಿಗೆ 8 ಸಾವಿರದಂತೆ 96,000. ಸಂಜೆಯ ತಿಂಡಿ ತಲೆಗೆ 15 ರೂಪಾಯಿಯಂತೆ 1,80,000. ಪುಸ್ತಕ, ಪರೀಕ್ಷಾ ಶುಲ್ಕ ತಲೆಗೆ 1,500ರಂತೆ 90,000. ಬಸ್ ಖರ್ಚು ಮಾತ್ರ ಅರ್ಧಕ್ಕೆ ಲೆಕ್ಕ: ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹುಡುಗರಿಗೆ ದಿನಕ್ಕೆ 40 ರೂಪಾಯಿ ಹಿಡಿದರೆ 2,40,000. (ಹಳೆಯ ಪ್ರಪೋಸಲ್ ನಕಲು ಮಾಡಿ 60 ಮಂದಿಗೂ ಬಸ್ ಚಾರ್ಜ್ ಬರೆದರೆ ಫೌಂಡೇಶನ್‌ನವರು ಮೊದಲು ಬೆರಳಿಡುವುದೇ ಅಲ್ಲಿ. ಆದರೆ ಊರಿಗೆ ಸರ್ಕಾರಿ ಬಸ್ಸೇ ಬರದಿದ್ದರೆ ಶಕ್ತಿ ಕಾಗದದಲ್ಲಷ್ಟೇ ಇರುತ್ತದೆ. ಅದನ್ನು ಊರು ಊರಿನ ಹೆಸರು ಹಾಕಿ ಬರೆಯಬೇಕು.)

ಒಟ್ಟು 13,02,000. ಸಾಮಾನ್ಯವಾಗಿ ಇದಕ್ಕೆ 'ಆಡಳಿತ ವೆಚ್ಚ ಶೇ 5' ಎಂದು 65 ಸಾವಿರ ಸೇರಿಸಿ 13.67 ಲಕ್ಷದ ಪ್ರಪೋಸಲ್ ಹೋಗುತ್ತದೆ.

ಬಿಟ್ಟುಹೋದದ್ದು ಏನೆಂದು ನೋಡಿ. ಸಂಸ್ಥೆಯಲ್ಲಿ 20 ನೌಕರರಿದ್ದರೆ ಭವಿಷ್ಯನಿಧಿ (ಪಿಎಫ್), 10 ಮಂದಿಯಿದ್ದರೆ ನೌಕರರ ಆರೋಗ್ಯ ವಿಮೆ (ಇಎಸ್‌ಐ) ಅನ್ವಯ. ಪಿಎಫ್‌ಗೆ ಸಂಸ್ಥೆಯ ಪಾಲು ಶೇ 12, ಅದರ ಮೇಲೆ ವಿಮೆ ಮತ್ತು ನಿರ್ವಹಣಾ ಶುಲ್ಕ ಸೇರಿ ಸುಮಾರು ಶೇ 13. 15 ಸಾವಿರದ ಸಂಬಳ ಮಿತಿಗಷ್ಟೇ ಲೆಕ್ಕ ಹಾಕಿ ಕಟ್ಟಿದರೂ ತಲೆಗೆ ತಿಂಗಳಿಗೆ 1,950. ಇಎಸ್‌ಐ ಶೇ 3.25, ತಿಂಗಳ ಸಂಬಳ 21 ಸಾವಿರದವರೆಗೆ. ಗ್ರಾಚ್ಯುಟಿಗೆ ಎತ್ತಿಡಬೇಕಾದದ್ದು ಶೇ 4.81. ಐದು ವರ್ಷ ಯಾರೂ ಉಳಿಯುವುದಿಲ್ಲ ಎಂದು ಗ್ರಾಚ್ಯುಟಿಯನ್ನು ಬಿಡುವ ಹಳೆಯ ಜಾಣತನ ಇನ್ನು ನಡೆಯದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ಕರಾರಿನ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಇದೆ. ಪ್ರಾಜೆಕ್ಟ್ ಲೆಕ್ಕದಲ್ಲಿ ಸಿಬ್ಬಂದಿ ತೆಗೆದುಕೊಳ್ಳುವ ಎನ್‌ಜಿಒಗಳಲ್ಲಿ ಬಹುಪಾಲು ಜನ ಇಂಥ ಕರಾರಿನವರೇ. ಮೂವರಿಗೆ ಇದೆಲ್ಲ ಸೇರಿ ವರ್ಷಕ್ಕೆ ಸುಮಾರು 1,26,000.

ಇನ್ನು ಶೇ 5. ಅದು ಎಲ್ಲಿಂದ ಬಂತು? ಸಿಎಸ್‌ಆರ್ ನಿಯಮದಲ್ಲಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆ. ಅದು ಕಂಪನಿಗೆ ಹಾಕಿದ ಬೇಲಿ, ಕೆಲಸ ಮಾಡುವ ಸಂಸ್ಥೆಗಲ್ಲ. ಯಾರೋ ಒಮ್ಮೆ ತಪ್ಪಾಗಿ ಓದಿದರು, ಅದೇ ರೂಢಿಯಾಯಿತು. ಈಗ ಆ ನಿಯಮವೇ ಅನ್ವಯಿಸದ ಕುಟುಂಬ ಟ್ರಸ್ಟ್‌ಗಳೂ ಶೇ 5 ಎನ್ನುತ್ತವೆ. ಲೆಕ್ಕಿಗನ ಸಂಬಳದ ಪಾಲು, ಆಡಿಟ್ ಶುಲ್ಕ, ಮುಖ್ಯಸ್ಥರ ಸಮಯ, ಮೇಲ್ವಿಚಾರಣೆಯ ಓಡಾಟ, ಲ್ಯಾಪ್‌ಟಾಪ್ ರಿಪೇರಿ ಎಲ್ಲ ಕೂಡಿಸಿದರೆ ಇಂಥ ಕೆಲಸಕ್ಕೆ ಶೇ 15 ತೀರಾ ಮಿತವಾದ ಅಂದಾಜು.

ನೇರ ಖರ್ಚು 14.28 ಲಕ್ಷ, ಮೇಲೆ ಶೇ 15: ಒಟ್ಟು 16.42 ಲಕ್ಷ. ಬರೆದು ಕಳಿಸಿದ 13.67 ಲಕ್ಷಕ್ಕೂ ಇದಕ್ಕೂ ವ್ಯತ್ಯಾಸ 2.75 ಲಕ್ಷ. ಪ್ರತಿ ವರ್ಷ ಈ ಮೊತ್ತವನ್ನು ಭರಿಸುವವರು ಯಾರು? ಪಿಎಫ್ ಸಿಗದ ಕಾರ್ಯಕರ್ತ, ಎರಡು ತಿಂಗಳು ಸಂಬಳ ತೆಗೆದುಕೊಳ್ಳದ ಮುಖ್ಯಸ್ಥೆ, ತಡವಾಗಿ ಆಗುವ ಆಡಿಟ್. ಮೂರನೇ ವರ್ಷಕ್ಕೆ ಒಳ್ಳೆಯ ಕಾರ್ಯಕರ್ತ ಬಿಟ್ಟು ಹೋಗುತ್ತಾನೆ, ಮಕ್ಕಳ ಜೊತೆಗಿದ್ದ ನಂಟೂ ಅವನ ಬೆನ್ನಿಗೇ ಹೋಗುತ್ತದೆ. ಅದೇ ಊರಿಗೆ 10 ಲಕ್ಷದ ಸ್ಮಾರ್ಟ್ ಕ್ಲಾಸ್ ಬಂದಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕುಟುಂಬ ಫೌಂಡೇಶನ್ ಬಳಿ ಹೋಗುವಾಗ ಪೂರ್ತಿ ಲೆಕ್ಕವನ್ನೇ ಇಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಮಗುವಿಗೆ 27 ಸಾವಿರದ ಚಿಲ್ಲರೆ ಎಂದು ಬರೆಯಿರಿ, ಹೇಗೆ ಎಂದು ಸಾಲು ಸಾಲಾಗಿ ತೋರಿಸಿ. 22 ಸಾವಿರದ ಸುಳ್ಳು ಲೆಕ್ಕಕ್ಕೆ 60 ಮಕ್ಕಳನ್ನು ಒಪ್ಪಿಕೊಳ್ಳುವುದಕ್ಕಿಂತ 50 ಮಕ್ಕಳಿಗೆ ನಿಜವಾದ ಲೆಕ್ಕ ಕೊಡುವುದು ವಾಸಿ.

ಎಷ್ಟು ಮಂದಿ ಪಾಸಾದರು?

ಎಲ್ಲ ಫೌಂಡೇಶನ್‌ಗಳೂ ಕೇಳುವ ಪ್ರಶ್ನೆ ಇದು. ಕೇಳುವುದು ನ್ಯಾಯವೇ. ಆದರೆ ಈ ಪ್ರಶ್ನೆ ಸಂಸ್ಥೆಯ ನಡವಳಿಕೆಯನ್ನು ಸದ್ದಿಲ್ಲದೆ ತಿರುಚುತ್ತದೆ. ಮೇಲಿನ 16.42 ಲಕ್ಷದ ಕೇಂದ್ರವನ್ನೇ ತೆಗೆದುಕೊಳ್ಳಿ. ಒಂದೇ ವಿಷಯದಲ್ಲಿ ಉಳಿದ 60 ಮಕ್ಕಳನ್ನು ಸೇರಿಸಿಕೊಂಡು 50 ಮಂದಿ ಪಾಸಾದರೆ ಒಬ್ಬರಿಗೆ ತಗಲಿದ್ದು 33 ಸಾವಿರದೊಳಗೆ. ಮೂರು ನಾಲ್ಕು ವಿಷಯ ಉಳಿದವರನ್ನು ಸೇರಿಸಿಕೊಂಡು 25 ಮಂದಿ ಪಾಸಾದರೆ 65 ಸಾವಿರ ದಾಟುತ್ತದೆ. ಕಾಗದದ ಮೇಲೆ ಮೊದಲನೆಯದೇ ಗೆದ್ದಿತು. ಆದರೆ ಆ ಒಂದು ವಿಷಯದ ಮಕ್ಕಳಲ್ಲಿ ಹಲವರು, ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಮತ್ತೆ ಬರೆಯುವ ಅವಕಾಶ ಬಂದಿರುವ ಈ ಕಾಲದಲ್ಲಿ, ಯಾರ ನೆರವೂ ಇಲ್ಲದೆ ಪಾಸಾಗುತ್ತಿದ್ದರು. ಎರಡನೆಯ ಗುಂಪಿನ 25 ಮಂದಿಗೆ ಆ ಕೇಂದ್ರ ಇಲ್ಲದಿದ್ದರೆ ಪುಸ್ತಕ ಮುಚ್ಚಿದಂತೆಯೇ.

ಇದಕ್ಕೆ ಮದ್ದು ವರದಿಯಲ್ಲಿಲ್ಲ, ಕರಾರಿನಲ್ಲಿದೆ. ಮಕ್ಕಳನ್ನು ಸೇರಿಸಿಕೊಳ್ಳುವಾಗಲೇ ಎಷ್ಟು ವಿಷಯ ಉಳಿದಿವೆ, ಶಾಲೆ ಬಿಟ್ಟು ಎಷ್ಟು ತಿಂಗಳಾಯಿತು, ಕೆಲಸಕ್ಕೆ ಹೋಗುತ್ತಾರೆಯೇ, ಮನೆಯಿಂದ ಕೇಂದ್ರಕ್ಕೆ ಎಷ್ಟು ಕಿಲೊಮೀಟರ್ ಎಂಬ ನಾಲ್ಕು ಸಂಗತಿ ದಾಖಲಿಸಿ. ಮೂರಕ್ಕಿಂತ ಹೆಚ್ಚು ವಿಷಯ ಉಳಿದವರು ಶೇ 60 ಇರಬೇಕು ಎಂಬಂತಹ ಷರತ್ತನ್ನು ನೀವೇ ಪ್ರಪೋಸಲ್‌ನಲ್ಲಿ ಮುಂದಿಡಿ. ಫಲಿತಾಂಶವನ್ನು ಗುಂಪು ಗುಂಪಾಗಿ ಬೇರೆ ತೋರಿಸಿ. ಹಾಜರಾತಿಯನ್ನು ಸರಾಸರಿಯಲ್ಲಿ ಹೇಳಬೇಡಿ: 'ಶೇ 75 ಹಾಜರಾತಿ' ಎಂದರೆ ಎಲ್ಲರೂ ನಾಲ್ಕರಲ್ಲಿ ಮೂರು ದಿನ ಬಂದರೆಂದೂ ಆಗಬಹುದು, 45 ಮಂದಿ ದಿನವೂ ಬಂದು 15 ಮಂದಿ ಬರಲೇ ಇಲ್ಲವೆಂದೂ ಆಗಬಹುದು. ಆ 15 ಮಂದಿಯ ಕಥೆಯೇ ನಿಮ್ಮ ಕೆಲಸದ ನಿಜವಾದ ಅಳತೆ.

ಟ್ರಸ್ಟ್‌ನಿಂದ ಟ್ರಸ್ಟ್‌ಗೆ: ಕಾಣದ ಗೋಡೆಗಳು

ತೆರಿಗೆ ಕಾನೂನನ್ನು ಅರಿತವರಿಗೆ ಫೌಂಡೇಶನ್‌ಗಳ ಕೆಲವು 'ಇಲ್ಲ'ಗಳ ಕಾರಣ ತಿಳಿಯುತ್ತದೆ. ತೆರಿಗೆ ವಿನಾಯಿತಿ ಸಿಗಬೇಕಾದರೆ ನೋಂದಾಯಿತ ದತ್ತಿ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಉದ್ದೇಶಕ್ಕಾಗಿ ಬಳಸಬೇಕು. 2023ರ ಹಣಕಾಸು ಕಾಯ್ದೆ ಬಂದಮೇಲೆ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟ್‌ಗೆ ಕೊಟ್ಟ ಹಣದಲ್ಲಿ ಶೇ 85 ಮಾತ್ರ ಬಳಕೆ ಎಂದು ಲೆಕ್ಕಕ್ಕೆ ಬರುತ್ತದೆ. ಒಂದು ಕೋಟಿ ಕೊಟ್ಟರೆ 85 ಲಕ್ಷ. ಹಣ ಕೈ ಬದಲಿಸುತ್ತಾ ಹೋದಂತೆ ಪ್ರತಿ ಹಂತದಲ್ಲೂ ಶೇ 15 ಉಳಿಸಿಕೊಳ್ಳುವ ದಾರಿಯನ್ನು ಮುಚ್ಚಲು ತಂದದ್ದು ಇದು. ಪರಿಣಾಮ ಮಾತ್ರ ಪ್ರಾಮಾಣಿಕವಾಗಿ ಬೇರೆಯವರಿಗೆ ಕೊಡುವ ಫೌಂಡೇಶನ್‌ಗಳ ಮೇಲೂ ಆಯಿತು. ಕೆಲವರು ಕೊಡುವುದಕ್ಕಿಂತ ತಾವೇ ಕೇಂದ್ರ ತೆರೆದು ನಡೆಸುವುದು ಲೇಸು ಎಂದು ತಿರುಗಿದರೆ ಅಚ್ಚರಿಯಿಲ್ಲ.

ಇನ್ನೊಂದು ಗೋಡೆ 'ಕಾರ್ಪಸ್', ನಮ್ಮ ಮಾತಿನಲ್ಲಿ ಮೂಲನಿಧಿ. 'ನಮಗೊಂದು ಮೂಲನಿಧಿ ಕಟ್ಟಿಕೊಡಿ, ಬಡ್ಡಿಯಲ್ಲಿ ನಡೆಸುತ್ತೇವೆ' ಎಂದು ಸಂಸ್ಥೆಗಳು ಕೇಳುತ್ತವೆ. ನೋಂದಾಯಿತ ಟ್ರಸ್ಟ್ ಇನ್ನೊಂದು ಟ್ರಸ್ಟ್‌ನ ಮೂಲನಿಧಿಗೆ ಕೊಟ್ಟರೆ ಅದು ಬಳಕೆಯ ಲೆಕ್ಕಕ್ಕೇ ಬರುವುದಿಲ್ಲ, 2017ರಿಂದ ಹಾಗೆ. ಅದೇ ಕುಟುಂಬದ ಹಿರಿಯರು ತಮ್ಮ ಸ್ವಂತ ಖಾತೆಯಿಂದ, ಮೂಲನಿಧಿಗೆಂದೇ ಪತ್ರದಲ್ಲಿ ಬರೆದು ಕೊಟ್ಟರೆ ತೊಡಕಿಲ್ಲ. ಸಂಸ್ಥೆ ಅದನ್ನು ಕಾನೂನು ಒಪ್ಪುವ ಹೂಡಿಕೆಯಲ್ಲಿ, ಬೇರೆಯಾಗಿ ಗುರುತಾಗುವಂತೆ ಇಡಬೇಕು ಅಷ್ಟೆ. ಅಂದರೆ ಫೌಂಡೇಶನ್ ಕಚೇರಿಯಲ್ಲಿ ಕೇಳಿದರೆ 'ಇಲ್ಲ' ಎನ್ನಿಸಿಕೊಳ್ಳುವ ಪ್ರಶ್ನೆಗೆ ಅದೇ ಮನೆಯ ಜಗಲಿಯಲ್ಲಿ 'ಆಗಲಿ' ಸಿಗಬಹುದು.

ಮೂಲನಿಧಿಯ ಮೋಹದ ಬಗ್ಗೆ ಒಂದು ಮಾತು. ವಿಶ್ವವಿದ್ಯಾಲಯಗಳಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿನಿಧಿ ಇಡುವ ಪದ್ಧತಿ ನಮಗೆ ಚಿರಪರಿಚಿತ. ಬ್ಯಾಂಕ್ ಬಡ್ಡಿ ಶೇ 12ರ ಹತ್ತಿರವಿದ್ದ 1990ರ ದಶಕದಲ್ಲಿ ಒಂದು ಲಕ್ಷ ಇಟ್ಟವರಿಗೆ ವರ್ಷಕ್ಕೆ 12 ಸಾವಿರ ಸಿಗುತ್ತಿತ್ತು. ಇಂದು ಅದರ ಅರ್ಧ ಚಿಲ್ಲರೆ. ಚಿನ್ನದ ಬೆಲೆ ಎಲ್ಲಿಗೆ ಹೋಗಿದೆಯೆಂದು ಹೇಳಬೇಕಿಲ್ಲ. ಚಿನ್ನದ ಪದಕ ಚಿನ್ನದ ಬಣ್ಣದ ಪದಕವಾಗುವುದು ಹೀಗೆ. ಹದಿಹರೆಯದವರ ಕೆಲಸಕ್ಕೆ 50 ಲಕ್ಷ ಕೊಡಲು ಸಿದ್ಧವಿರುವ ಕುಟುಂಬ ಅದನ್ನು ಠೇವಣಿಯಿಟ್ಟು ವರ್ಷಕ್ಕೆ ಮೂರೂವರೆ ಲಕ್ಷದ ಬಡ್ಡಿ ಕೊಡುವುದಕ್ಕಿಂತ, ಮೂರು ವರ್ಷಕ್ಕೆ ಪೂರ್ತಿ ಕೇಂದ್ರವನ್ನೇ ನಡೆಸಿಕೊಡುವುದು ಹೆಚ್ಚು ಮಕ್ಕಳನ್ನು ಮುಟ್ಟುತ್ತದೆ.

ಅದೇ ರೀತಿ, ವರ್ಷಕ್ಕೆ 15–20 ಲಕ್ಷ ಕೊಡುವ ಮನೆಯವರು ಸ್ವಂತ ಫೌಂಡೇಶನ್ ತೆರೆಯಲೇಬೇಕೆಂದಿಲ್ಲ. ಟ್ರಸ್ಟ್ ಡೀಡ್, ನೋಂದಣಿ, ಪ್ರತಿ ವರ್ಷದ ಆಡಿಟ್, ರಿಟರ್ನ್, ಮೇಲೆ ಆ ಶೇ 85ರ ಗಣಿತ. ನೇರವಾಗಿ ಒಳ್ಳೆಯ ಸಂಸ್ಥೆಗೆ ಕೊಟ್ಟರೆ 80ಜಿ ಅಡಿ ಕೊಟ್ಟವರಿಗೆ ತೆರಿಗೆ ರಿಯಾಯಿತಿಯೂ ಉಂಟು: ಸಾಮಾನ್ಯವಾಗಿ ಕೊಟ್ಟದ್ದರ ಶೇ 50, ಅದೂ ಆದಾಯದ ಶೇ 10ರ ಮಿತಿಯೊಳಗೆ, 2,000 ರೂಪಾಯಿಗಿಂತ ಹೆಚ್ಚು ನಗದಾಗಿರಬಾರದು, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಇಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆದರೆ 12ಎ (ಟ್ರಸ್ಟ್‌ನ ದತ್ತಿ ನೋಂದಣಿ), 80ಜಿ ಎಂಬ ಹೆಸರುಗಳು ಜನರ ಬಾಯಿಂದ ಸದ್ಯಕ್ಕೆ ಹೋಗುವಂತಿಲ್ಲ. ಸಣ್ಣ ಸಂಸ್ಥೆಗಳಿಗೆ ಒಂದು ಸಮಾಧಾನ: ಹಿಂದಿನ ಎರಡೂ ವರ್ಷ 5 ಕೋಟಿಯೊಳಗೆ ಆದಾಯವಿದ್ದವರ ದತ್ತಿ ನೋಂದಣಿ ಈಗ 5 ವರ್ಷದ ಬದಲು 10 ವರ್ಷಕ್ಕೆ ಸಿಗುತ್ತದೆ.

ವಿದೇಶದ ಕನ್ನಡಿಗರ ಹಣ

ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮ ಕಟ್ಟಿದ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ 1996ರಲ್ಲಿ ಫೌಂಡೇಶನ್ ಸ್ಥಾಪಿಸಿ, 2007ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಸಣ್ಣ ಊರುಗಳ ಯುವಕ ಯುವತಿಯರ ಕೌಶಲ, ಉದ್ಯಮಶೀಲತೆಗೆ ಹಣ ಹಾಕಿದ್ದಾರೆ. ಅಮೆರಿಕದ ಖಾಸಗಿ ಫೌಂಡೇಶನ್‌ಗಳು ತಮ್ಮ ಹೂಡಿಕೆಯ ಮೌಲ್ಯದ ಸುಮಾರು ಶೇ 5ರಷ್ಟನ್ನು ಪ್ರತಿ ವರ್ಷ ಹಂಚಲೇಬೇಕು. ಆದ್ದರಿಂದ ಅಲ್ಲಿನವರು ಕೊಡಲು ದಾರಿ ಹುಡುಕುತ್ತಿರುತ್ತಾರೆ. ಆದರೆ ಇಲ್ಲಿ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು: ಮೂರು ವರ್ಷದ ಅಸ್ತಿತ್ವ, ಆ ಮೂರು ವರ್ಷಗಳಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ಖರ್ಚು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಸಣ್ಣ ಗುಂಪಿಗೆ ಹರಿಯುತ್ತಿದ್ದ ಹಣ ಅಲ್ಲಿಗೆ ನಿಂತಿತು.

ಇಲ್ಲಿ ಪದೇ ಪದೇ ಆಗುವ ಒಂದು ತಪ್ಪಿದೆ. ನ್ಯೂಜೆರ್ಸಿಯ ಕನ್ನಡಿಗರು ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ಹಣವಲ್ಲ. ಅಮೆರಿಕದ ಪೌರತ್ವ ಪಡೆದು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಅದು ವಿದೇಶಿ ಹಣವೇ, ರೂಪಾಯಿಯಲ್ಲಿ ಕೊಟ್ಟರೂ ಸರಿ. ಪಾಸ್‌ಪೋರ್ಟ್ ಯಾವುದೆಂದು ಕೇಳಲು ಮುಜುಗರಪಟ್ಟು, ಎಫ್‌ಸಿಆರ್‌ಎ ಇಲ್ಲದ ಸಂಸ್ಥೆ ಸಾಮಾನ್ಯ ಖಾತೆಗೆ ಹಣ ಹಾಕಿಸಿಕೊಂಡರೆ ಕೊಟ್ಟವರ ಒಳ್ಳೆಯತನ ಪಡೆದವರ ಕೊರಳಿಗೆ ಉರುಳಾಗುತ್ತದೆ. ಪಾಸ್‌ಪೋರ್ಟ್ ಪ್ರತಿ ಪಡೆದು ಕಡತದಲ್ಲಿಡುವುದೇ ಕ್ಷೇಮ.

ಕ್ಯಾಲೆಂಡರ್

ಅನುದಾನ ಹಾಳಾಗುವುದು ಹೆಚ್ಚಾಗಿ ತಿಂಗಳುಗಳ ಹೊಂದಾಣಿಕೆಯಿಲ್ಲದೆ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ಮಗುವನ್ನು ಹಿಡಿದುಕೊಳ್ಳಬೇಕಾದದ್ದು ಫಲಿತಾಂಶ ಬಂದ ವಾರವೇ. ಎರಡು ತಿಂಗಳು ಬಿಟ್ಟು ಹುಡುಕಿಕೊಂಡು ಹೋದರೆ ಹುಡುಗ ಊರಲ್ಲಿರುವುದಿಲ್ಲ, ಹುಡುಗಿಗೆ ಗಂಡು ನೋಡುತ್ತಿರುತ್ತಾರೆ. ಅಂದರೆ ಕಾರ್ಯಕರ್ತ ಏಪ್ರಿಲ್‌ನಲ್ಲೇ ಸಂಬಳದ ಮೇಲಿರಬೇಕು. ಫೌಂಡೇಶನ್‌ನ ದಾರಿ ನೋಡಿ: ಎರಡು ಪುಟದ ಟಿಪ್ಪಣಿ, ಮಾತುಕತೆ, ಪೂರ್ತಿ ಪ್ರಪೋಸಲ್, ಸ್ಥಳ ಭೇಟಿ, ಕಾಗದಪತ್ರ ಪರಿಶೀಲನೆ, ಮೂರು ತಿಂಗಳಿಗೊಮ್ಮೆ ಸೇರುವ ಟ್ರಸ್ಟಿಗಳ ಸಭೆ, ಕರಾರು, ಮೊದಲ ಕಂತು. ಐದರಿಂದ ಎಂಟು ತಿಂಗಳು ಸಾಮಾನ್ಯ. ಏಪ್ರಿಲ್‌ಗೆ ಹಣ ಬೇಕಾದವರು ಹಿಂದಿನ ಸೆಪ್ಟೆಂಬರ್‌ನಲ್ಲಿ ಆ ಎರಡು ಪುಟ ಕಳಿಸಿರಬೇಕು. ಟ್ರಸ್ಟ್ ಡೀಡ್ ಅಥವಾ ಬೈಲಾ, ಪ್ಯಾನ್, ದತ್ತಿ ನೋಂದಣಿ, 80ಜಿ, ಮೂರು ವರ್ಷದ ಆಡಿಟ್ ವರದಿ, ಟ್ರಸ್ಟಿಗಳ ಪಟ್ಟಿಯಲ್ಲಿ ಯಾರು ಯಾರ ಸಂಬಂಧಿ ಎಂಬ ವಿವರ, ಮಕ್ಕಳ ರಕ್ಷಣಾ ನೀತಿ ಆಗಲೇ ಒಂದು ಕಡತದಲ್ಲಿ ಸಿದ್ಧವಿರಲಿ. ಹೆಚ್ಚು ಅರ್ಜಿಗಳು ತಡವಾಗುವುದು ಹಿಂದಿನ ವರ್ಷದ ಆಡಿಟ್ ಮುಗಿದಿಲ್ಲ ಎಂಬ ಒಂದೇ ಕಾರಣಕ್ಕೆ.

ಕಂತುಗಳ ವಿಷಯಕ್ಕೆ ಕರಾರಿಗೆ ಸಹಿ ಹಾಕುವ ಮೊದಲೇ ಮಾತಾಡಬೇಕು. 'ವರದಿ ಒಪ್ಪಿದ ಮೇಲೆ ಮುಂದಿನ ಕಂತು' ಎಂದಿದ್ದರೆ, ಒಪ್ಪಲು ಎಷ್ಟು ದಿನ ಎಂಬುದನ್ನೂ ಬರೆಸಿ. 30 ದಿನ ಸಾಕು. ಮೊದಲ ಕಂತು ಶೇ 60 ಇದ್ದರೆ ಸಂಬಳ ನಿಲ್ಲುವುದಿಲ್ಲ. 25-25-25-25 ಎಂದು ಸಮಭಾಗ ಮಾಡಿದರೆ ಪ್ರತಿ ಮೂರು ತಿಂಗಳಿಗೊಮ್ಮೆ ಉಸಿರು ಹಿಡಿಯಬೇಕು. ಮಾರ್ಚ್ ಕೊನೆಯ ವಾರ ಕಂತು ಬಂದರೆ ಅದು ಆ ವರ್ಷದ ಆದಾಯವಾಗಿ ಶೇ 85ರ ಲೆಕ್ಕ ಕೆಡಿಸುತ್ತದೆ. ಒಂದೋ ಏಪ್ರಿಲ್ ಮೊದಲ ವಾರ ಕಳಿಸಲು ಕೇಳಿ, ಇಲ್ಲವೇ ಯಾವ ಉದ್ದೇಶಕ್ಕೆ, ಎಷ್ಟು ಅವಧಿಯಲ್ಲಿ ಬಳಸುತ್ತೇವೆಂದು ಆದಾಯ ತೆರಿಗೆ ಇಲಾಖೆಗೆ ಗಡುವಿನೊಳಗೆ ತಿಳಿಸಿ ಮುಂದಕ್ಕೆ ಒಯ್ಯುವ ವಿಧಾನವನ್ನು ಸಿಎ ಜೊತೆ ಕೂತು ಮುಗಿಸಿ. ಗರಿಷ್ಠ ಐದು ವರ್ಷ.

ಕರಾರಿನಲ್ಲಿ ಕೊನೆಗೆ ನೋಡಬೇಕಾದದ್ದು ಮಕ್ಕಳ ಮಾಹಿತಿಯ ಷರತ್ತು. ಹೆಸರು, ಫೋನ್, ಆಧಾರ್ ಸಮೇತ ಫಲಾನುಭವಿಗಳ ಪಟ್ಟಿ ಕಳಿಸಿ, ಫೋಟೊ ಕಳಿಸಿ ಎನ್ನುವುದು ಇಂದಿಗೂ ಮಾಮೂಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆ ತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿದ್ದು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿದ ಪಟ್ಟಿ, ಮುಖ ಕಾಣದ ಫೋಟೊ, ಅನುಮಾನ ಬಂದರೆ ಸಂಸ್ಥೆಯ ಕಚೇರಿಗೇ ಬಂದು ಮೂಲ ದಾಖಲೆ ನೋಡುವ ಅವಕಾಶ: ಇಷ್ಟನ್ನು ಬರೆಸಿದರೆ ಫೌಂಡೇಶನ್‌ಗೂ ಆತಂಕವಿರುವುದಿಲ್ಲ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಅಡಿ ಬರುವ ಪ್ರಕರಣ ಗಮನಕ್ಕೆ ಬಂದು ಸಂಸ್ಥೆ ಪೊಲೀಸರಿಗೆ ತಿಳಿಸಿದರೆ, ಆ ಒಂದೇ ಕಾರಣಕ್ಕೆ ಅನುದಾನ ನಿಲ್ಲಿಸುವುದಿಲ್ಲ ಎಂದು. ತಿಳಿಸುವುದು ಕಾನೂನಿನ ಕಡ್ಡಾಯ. ಹಣ ನಿಲ್ಲುವ ಭಯವಿದ್ದ ಕಡೆ ಅದನ್ನು ಮುಚ್ಚಿಡುವ ಆಸೆಯೂ ಹುಟ್ಟುತ್ತದೆ.